ಟ್ರಂಕಿನ ಕೀಲಿ ಹೆಂಡತಿಯ ಕೈಗೂ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನವನು. ಸೇನೆಯಲ್ಲಿ ಹವಾಲ್ದಾರ್ ಆಗಿದ್ದು ನಿವೃತ್ತನಾಗಿದ್ದೇನೆ. ಈಗ ಎರಡು ಎಕರೆ ಜಮೀನಿದೆ, ಜೋಳ ಹಾಕುತ್ತೇನೆ, ಒಂದೊಂದು ವರ್ಷ ಶುಂಠಿ. ನಿಮ್ಮ ಪತ್ರಿಕೆ ಓದುವುದು ಬಹಳ ವರ್ಷದ ಅಭ್ಯಾಸ. ಗಡಿಯಲ್ಲಿದ್ದಾಗ ಅಪ್ಪ ಹಳೇ ಪೇಪರುಗಳನ್ನು ಸುತ್ತಿ 'ಕೇರ್ ಆಫ್ 56 ಎಪಿಒ' ಅಂತ ಸೇನೆಯ ಅಂಚೆ ಕಚೇರಿಯ ವಿಳಾಸ ಬರೆದು ಅಂಚೆಗೆ ಹಾಕುತ್ತಿದ್ದರು. ಸುದ್ದಿ ಹಳತಾಗಿರುತ್ತಿತ್ತು. ಆದರೆ ಕನ್ನಡ ಅಕ್ಷರ ಕಂಡರೆ ಸಾಕಾಗಿತ್ತು, ವಾಚಕರ ವಾಣಿಯನ್ನೂ ಬಿಡದೆ ಓದುತ್ತಿದ್ದೆ. ನಾನು ಬರೆಯುತ್ತಿರುವುದು ಇದೇ ಮೊದಲು. ಹಾಗಾಗಿ ಪರಿಚಯ ಮಾಡಿಕೊಂಡು ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ಕಾಗದ ಉದ್ದವಾಯಿತು ಅನ್ನಿಸಿದರೆ ನನ್ನ ಪರಿಚಯವನ್ನು ಬೇಕಾದರೆ ಕತ್ತರಿಸಿ. ಕೊನೆಯಲ್ಲಿರುವ ವಿಷಯವನ್ನು, ಅಂದರೆ ಮಾಜಿ ಸೈನಿಕರು ಪಿಂಚಣಿಯ ಕಾಗದಗಳನ್ನು ಹೆಂಡತಿಗೂ ತೋರಿಸಿಡಬೇಕು ಅನ್ನುವುದನ್ನು ಮಾತ್ರ ಬಿಡಬೇಡಿ.

1988ರಲ್ಲಿ ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಭರ್ತಿಯಾದೆ. ಎಲ್ಲರೂ ಎಂಇಜಿ ಅನ್ನುತ್ತಾರೆ. 1780ರಲ್ಲಿ ಶುರುವಾದ ಪಡೆ ಅದು. ತಮಿಳರು, ಮಲಯಾಳಿಗಳು, ತೆಲುಗರು, ನಾವು, ಎಲ್ಲರೂ ಒಂದೇ ಬ್ಯಾರಕ್‌ನಲ್ಲಿ ಮಲಗುತ್ತಿದ್ದೆವು. ಉತ್ತರದ ರೆಜಿಮೆಂಟಿನವರಿಗೆ ನಾವೆಲ್ಲ 'ತಂಬಿ'ಗಳು. ತರಬೇತಿ ಮುಗಿಸಿ ಪ್ರಮಾಣ ಮಾಡುವ ಕಸಂ ಪರೇಡಿನ ದಿನ ಅಪ್ಪ ಅಮ್ಮ ಊರಿಂದ ಬಸ್ಸಿನಲ್ಲಿ ಬಂದಿದ್ದರು. ಅಮ್ಮ ಬೆಂಗಳೂರು ನೋಡಿದ್ದು ಆವತ್ತೇ.

ನಮ್ಮ ಕೆಲಸಕ್ಕೆ ಸ್ಯಾಪರ್ ಕೆಲಸ ಅನ್ನುತ್ತಾರೆ. ಸೇನೆ ಮುಂದೆ ಹೋಗಬೇಕಾದರೆ ದಾರಿ ಮಾಡಿಕೊಡುವವರು ನಾವು, ಶತ್ರು ಬರುತ್ತಿದ್ದರೆ ದಾರಿ ಕೆಡಿಸುವವರೂ ನಾವೇ. ರಸ್ತೆ, ಸೇತುವೆ, ಬಂಕರ್, ಕುಡಿಯುವ ನೀರು, ನೆಲಬಾಂಬ್. ಮುಳ್ಳುತಂತಿ ಬೇಲಿಯನ್ನು ಸ್ಫೋಟಿಸಿ ದಾರಿ ಬಿಡಿಸುವ ಉದ್ದನೆಯ ಕೊಳವೆಯೊಂದಿದೆ, 'ಬೆಂಗಳೂರು ಟಾರ್ಪಿಡೊ' ಅಂತ ಪ್ರಪಂಚದ ಸೇನೆಗಳಿಗೆಲ್ಲ ಅದು ಗೊತ್ತು. 1912ರಲ್ಲಿ ನಮ್ಮ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ಅನ್ನುವವರು ಬೆಂಗಳೂರಿನಲ್ಲೇ ಅದನ್ನು ಕಂಡುಹಿಡಿದರು. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯ ದಡದಲ್ಲೂ ಬಳಕೆಯಾಯಿತು. ನಮ್ಮ ರಾಜಧಾನಿಯ ಹೆಸರಿನಲ್ಲಿ ಹೀಗೊಂದು ವಸ್ತು ಇದೆ ಅಂತ ನಮ್ಮ ಮಕ್ಕಳಿಗೇ ಗೊತ್ತಿಲ್ಲ. ಶಾಲೆಗೆ ಕರೆದಾಗಲೆಲ್ಲ ಇದನ್ನು ಹೇಳುತ್ತೇನೆ.

ಆಗಸ್ಟ್ 15, ಜನವರಿ 26 ಬಂತೆಂದರೆ ನಮ್ಮನ್ನು ಶಾಲೆಗೆ ಕರೆಯುತ್ತಾರೆ. ಪ್ರೀತಿಯಿಂದಲೇ ಕರೆಯುತ್ತಾರೆ, ನಾನೂ ಖುಷಿಯಿಂದ ಹೋಗುತ್ತೇನೆ. ಮಕ್ಕಳು ಕೇಳುವ ಮೊದಲ ಪ್ರಶ್ನೆ, 'ಸಾರ್, ಎಷ್ಟು ಜನಕ್ಕೆ ಗುಂಡು ಹೊಡೆದಿದ್ದೀರಾ?' ದೊಡ್ಡವರು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಅವರಿಗೂ ಬೇಕಾಗಿರುವುದು ಅದೇ. ನಾನು ಅವರಿಗೆ ಸೇತುವೆ ಕಥೆ ಹೇಳುತ್ತೇನೆ. ಸಿಕ್ಕಿಂನಲ್ಲಿ ಮಳೆಗಾಲದಲ್ಲಿ ಗುಡ್ಡ ಜಾರಿದರೆ ಮೇಲಿನ ಊರುಗಳಿಗೆ ಅಕ್ಕಿ, ಸೀಮೆಎಣ್ಣೆ ಏನೂ ಹೋಗುವುದಿಲ್ಲ. ಆಗ ಬೈಲಿ ಸೇತುವೆ ಕಟ್ಟಬೇಕು. ಅದರ ಒಂದೊಂದು ಕಬ್ಬಿಣದ ಪ್ಯಾನೆಲ್ ಹತ್ತಡಿ ಉದ್ದ, ಇನ್ನೂರೈವತ್ತು ಕೆ.ಜಿ.ಗೂ ಜಾಸ್ತಿ ತೂಕ. ಆರು ಜನ ಒಟ್ಟಿಗೆ ಎತ್ತಿ, ಒಟ್ಟಿಗೆ ಹೆಜ್ಜೆ ಹಾಕಬೇಕು. ಒಬ್ಬ ಕೈ ಸಡಿಲ ಬಿಟ್ಟರೆ ಇನ್ನೊಬ್ಬನ ಕಾಲು ಹೋಯಿತು. ಮಳೆಯಲ್ಲಿ ರಾತ್ರಿಯೆಲ್ಲ ಪಿನ್ ಹೊಡೆದು ಬೆಳಗ್ಗೆ ಮೊದಲ ಲಾರಿ ದಾಟಿಸಿದಾಗ ಆಚೆ ದಡದಲ್ಲಿ ನಿಂತಿದ್ದ ಹೆಂಗಸರು ಕೈಮುಗಿದದ್ದನ್ನು ನೋಡಿದ್ದೇನೆ. ಸೈನಿಕ ಅಂದರೆ ಇದೂ ಹೌದು ಅಂತ ಮಕ್ಕಳಿಗೆ ತಿಳಿಯಲಿ ಅಂತ ನನ್ನ ಆಸೆ.

ನೆಲಬಾಂಬಿನ ವಿಷಯ ಮಕ್ಕಳಿಗೆ ಪೂರ್ತಿ ಹೇಳುವುದಿಲ್ಲ. ಇಲ್ಲಿ ಸ್ವಲ್ಪ ಬರೆಯುತ್ತೇನೆ, ಯಾಕೆಂದರೆ ನನ್ನ ಈಗಿನ ಕೆಲಸಕ್ಕೂ ಅದಕ್ಕೂ ಸಂಬಂಧವಿದೆ.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಯಿತು. ಅದರ ಬೆನ್ನಿಗೇ ಸೇನೆ ಪಶ್ಚಿಮ ಗಡಿಗೆ ಹೋಗಿ ನಿಂತಿತು. ಆಪರೇಷನ್ ಪರಾಕ್ರಮ್ ಅಂದರೆ ಅದೇ. ಜಮ್ಮುವಿನಿಂದ ರಾಜಸ್ಥಾನದವರೆಗೆ ಗಡಿಯುದ್ದಕ್ಕೂ ಮೈನ್ ಹೂಳುವ ಹುಕುಂ ಬಂತು. ನಾವಿದ್ದದ್ದು ಪಂಜಾಬಿನ ಫಾಜಿಲ್ಕಾ ಕಡೆ. ಗೋಧಿ ಪೈರು ಗೇಣುದ್ದ ಬಂದಿತ್ತು. ಆ ಹೊಲಗಳಲ್ಲೇ ಸಾಲು ಹಿಡಿದು ಹೂತೆವು. ಹೊಲದ ಯಜಮಾನ, ವಯಸ್ಸಾದ ಸರದಾರ್‌ಜಿ, ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಬೈಯಲಿಲ್ಲ. ಸಂಜೆ ಎಲ್ಲರಿಗೂ ಟೀ ಕಳಿಸಿದರು. ರೈತನ ಮಗನಾದ ನನಗೆ ಆ ಟೀ ಗಂಟಲಲ್ಲಿ ಇಳಿಯಲಿಲ್ಲ.

2002ರ ಅಕ್ಟೋಬರ್‌ನಲ್ಲಿ ಸೇನೆಯನ್ನು ವಾಪಸ್ ಕರೆಸುವ ತೀರ್ಮಾನವಾಯಿತು. ಬೇರೆಯವರು ಹೊರಟರು, ಮೈನ್ ತೆಗೆಯಲು ಸ್ಯಾಪರ್‌ಗಳು ಉಳಿದೆವು. ಹೂಳುವುದಕ್ಕಿಂತ ತೆಗೆಯುವುದು ಕಷ್ಟ. ಕಾಲಿಗೆ ಸಿಡಿಯುವ ಮೈನ್ ಅಂಗೈಯೊಳಗೆ ಹಿಡಿಸುವಷ್ಟು ಚಿಕ್ಕದು. ಮೈಯೆಲ್ಲ ಪ್ಲಾಸ್ಟಿಕ್. ಮಂಡಿಯೂರಿ ಅಥವಾ ಹೊಟ್ಟೆಯ ಮೇಲೆ ಮಲಗಿ, ಪ್ರಾಡರ್ ಅನ್ನುವ ಚೂಪಾದ ಸಲಾಕಿಯನ್ನು ಓರೆಯಾಗಿ ಮಣ್ಣಿಗೆ ಇಳಿಸಬೇಕು. ನೆಟ್ಟಗೆ ಚುಚ್ಚಿದರೆ ಮೈನಿನ ತಲೆ ಮೇಲೆ ಒತ್ತಡ ಬೀಳುತ್ತದೆ. ಓರೆಯಾಗಿ ಇಳಿಸಿದರೆ ಪಕ್ಕೆಗೆ ತಾಗುತ್ತದೆ. ಏನಾದರೂ ತಾಗಿದರೆ ನಿಲ್ಲಿಸಬೇಕು, ಬೆರಳಿನಿಂದ ಮಣ್ಣು ಬಿಡಿಸಬೇಕು. ಕಲ್ಲಾದರೆ ಉಸಿರು ಬಿಡುತ್ತೀರಿ. ಮತ್ತೆ ಎರಡು ಬೆರಳಷ್ಟು ಮುಂದೆ. ಹೀಗೆ ಬೆಳಗಿನಿಂದ ಸಂಜೆಯವರೆಗೆ. ನಮ್ಮವರಲ್ಲಿ ಕಾಲು ಕಳೆದುಕೊಂಡವರಿದ್ದಾರೆ.

ಹೂಳುವಾಗಲೇ ನಕ್ಷೆ ಮಾಡಿರುತ್ತೇವೆ. ಕಾಲುವೆಯ ಮೋರಿಯಿಂದ ಇಷ್ಟು ಹೆಜ್ಜೆ, ಈ ದಿಕ್ಕು, ಇಷ್ಟು ಸಾಲು, ಸಾಲಿಗೆ ಇಷ್ಟು ಅಂತ ಬರೆದು ಸಹಿ ಹಾಕಿರುತ್ತದೆ. ತೆಗೆಯುವಾಗ ನಕ್ಷೆಯ ಲೆಕ್ಕಕ್ಕೂ ಕೈಗೆ ಸಿಕ್ಕ ಲೆಕ್ಕಕ್ಕೂ ತಾಳೆಯಾಗಬೇಕು. ನೀರು ಹಾಯಿಸಿದ ಹೊಲದಲ್ಲಿ ಮೈನ್ ಜಾರಿ ಪಕ್ಕಕ್ಕೆ ಹೋಗಿರುತ್ತದೆ, ಕೆಸರಿನಲ್ಲಿ ಇಳಿದಿರುತ್ತದೆ. ಒಂದು ಕಡಿಮೆ ಬಿದ್ದರೂ ಹೊಲವನ್ನು ರೈತನಿಗೆ ಬಿಟ್ಟುಕೊಡುವ ಹಾಗಿಲ್ಲ. ನಮ್ಮ ಸುಬೇದಾರ್ ಸಾಹೇಬರು ದಿನವೂ ಒಂದೇ ಮಾತು ಹೇಳುತ್ತಿದ್ದರು: ನೀನು ಸತ್ತರೂ ನಿನ್ನ ಕಾಗದ ನೋಡಿ ಇನ್ನೊಬ್ಬ ಕೆಲಸ ಮಾಡುವಂತಿರಬೇಕು.

2012ರಲ್ಲಿ ನಿವೃತ್ತನಾಗಿ ಊರಿಗೆ ಬಂದೆ. ಬಂದ ಮೇಲೆ ನಾನು ಕಂಡದ್ದು, ನಮ್ಮ ಮಾಜಿ ಸೈನಿಕರು ಹೆಚ್ಚಿನವರು ಈ ಮಾತನ್ನು ಮನೆಯೊಳಗೆ ಪಾಲಿಸುವುದೇ ಇಲ್ಲ.

ಪ್ರತಿ ಸೈನಿಕನ ಮನೆಯಲ್ಲೂ ಒಂದು ಕಪ್ಪು ಟ್ರಂಕ್ ಇರುತ್ತದೆ. ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ರ‍್ಯಾಂಕ್, ಹೆಸರು ಬರೆದಿರುತ್ತದೆ. ಅದಕ್ಕೊಂದು ಬೀಗ. ಕೀಲಿ ಯಜಮಾನನ ಉಡಿದಾರದಲ್ಲೋ ದೇವರ ಫೋಟೋ ಹಿಂದೆಯೋ. ಹೆಂಡತಿ ಮುಟ್ಟುವಂತಿಲ್ಲ, ಮಕ್ಕಳು ಕೇಳುವಂತಿಲ್ಲ. ಅದರೊಳಗೆ ಏನಿದೆ ಅಂತ ಮನೆಯವರಿಗೆ ಗೊತ್ತಾಗುವುದು ಅವನು ತೀರಿಕೊಂಡ ಮೇಲೆ.

ನಮ್ಮ ತಾಲ್ಲೂಕಿನಲ್ಲೇ ನಡೆದದ್ದೊಂದು ಹೇಳುತ್ತೇನೆ. ಹೆಸರು, ಊರು ಬೇಡ. ಬೇರೆ ರೆಜಿಮೆಂಟಿನಲ್ಲಿ ನಾಯಕ್ ಆಗಿದ್ದು ಬಂದವನು. ನಾನೂ ಅವನೂ ಸಂತೆಯಲ್ಲಿ ಸಿಕ್ಕಾಗ ಟೀ ಕುಡಿಯುತ್ತಿದ್ದೆವು. ಶುಂಠಿ ಹೊಲದಲ್ಲಿ ಔಷಧಿ ಹೊಡೆಯುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಆಸ್ಪತ್ರೆ ತಲುಪಲಿಲ್ಲ. ಮೂರು ತಿಂಗಳು ಕಳೆದ ಮೇಲೆ ಅವನ ಹೆಂಡತಿ, ದೊಡ್ಡ ಮಗನ ಕೈಲಿ ಟ್ರಂಕ್ ಹೊರಿಸಿಕೊಂಡು ನಮ್ಮ ಮನೆಗೆ ಬಂದರು. 'ಅಣ್ಣಾ, ಇದ್ರಲ್ಲಿ ಏನೇನೈತೋ ನಂಗೊತ್ತಿಲ್ಲ. ಅವ್ರು ಮುಟ್ಟಕ್ಕೇ ಬಿಡ್ತಿರ್ಲಿಲ್ಲ' ಅಂದರು.

ಜಗಲಿ ಮೇಲೆ ಟ್ರಂಕ್ ತೆರೆದೆವು. ನುಸಿಗುಳಿಗೆ ವಾಸನೆ. ಮೇಲೆ ಹಸಿರು ಕಂಬಳಿ, ಬೆಲ್ಟು. ಸೋಪಿನ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಿದ್ದ ಮೆಡಲುಗಳು. ಅವಧಿ ಮುಗಿದ ಕ್ಯಾಂಟೀನ್ ಕಾರ್ಡು. ಆಕೆ ಮದುವೆಯ ಹೊಸತರಲ್ಲಿ ಬರೆಸಿದ್ದ ನೀಲಿ ಇನ್‌ಲ್ಯಾಂಡ್ ಪತ್ರಗಳು, ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿದ್ದವು. ಆಕೆ ಅವನ್ನು ತೆಗೆದು ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು. ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನಿವೃತ್ತಿಯಾಗುವಾಗ ಸೇನೆ ಕೊಡುವ ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ, ಅಂದರೆ ಪಿಂಚಣಿ ಆದೇಶದ ಪತ್ರ.

ಡಿಸ್ಚಾರ್ಜ್ ಬುಕ್ಕಿನಲ್ಲಿ ಆಕೆಯ ಹೆಸರಿನ ಮುಂದೆ 'ದೇವಿ' ಇತ್ತು. ನಮ್ಮ ಕಡೆ ಯಾರಿಗೂ ಇಲ್ಲದ ದೇವಿ. ಯೂನಿಟ್ಟಿನ ಬರವಣಿಗೆಯವನು ಯಾವುದೋ ಉತ್ತರದ ರಾಜ್ಯದವನಿರಬೇಕು, ತನ್ನೂರಿನ ರೂಢಿಯಂತೆ ಸೇರಿಸಿಬಿಟ್ಟಿದ್ದಾನೆ. ಆಧಾರ್‌ನಲ್ಲಿ ಬರೀ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರಿನ ಜೊತೆ ಗಂಡನ ಹೆಸರು. ಹುಟ್ಟಿದ ದಿನ ಮೂರು ಕಡೆ ಮೂರು. ಒಂದರಲ್ಲಿ ಜೂನ್ 1, ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ್ದು. ಇನ್ನೊಂದರಲ್ಲಿ ಜನವರಿ 1. ಕಿರಿಯ ಮಗಳು ಗಂಡ ನಿವೃತ್ತಿಯಾಗಿ ಬಂದ ಮೇಲೆ ಹುಟ್ಟಿದವಳು, ಅವಳ ಹೆಸರು ದಾಖಲೆಯಲ್ಲೇ ಇಲ್ಲ. ಸೇವೆಯಲ್ಲಿದ್ದಾಗ ಹುಟ್ಟಿದ್ದರೆ ಯೂನಿಟ್ಟಿನಿಂದಲೇ ದಾಖಲೆಗೆ ಆದೇಶ ಹೋಗಿ (ಪಾರ್ಟ್ ಟೂ ಆರ್ಡರ್ ಅನ್ನುತ್ತಾರೆ) ತಾನಾಗಿ ಸೇರುತ್ತಿತ್ತು. ಆಮೇಲೆ ಹುಟ್ಟಿದ ಮಕ್ಕಳ ವಿಷಯವನ್ನು ನಾವೇ ರೆಜಿಮೆಂಟಿನ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿಗೆ ಬರೆದು ತಿಳಿಸಬೇಕು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಅವನು ತೀರಿಕೊಂಡ ಸುದ್ದಿಯನ್ನು ಯಾರೂ ಪಿಂಚಣಿ ಕಡೆಯವರಿಗೆ ತಿಳಿಸಿಯೇ ಇರಲಿಲ್ಲ. ತಿಂಗಳು ತಿಂಗಳು ಹಣ ಖಾತೆಗೆ ಬೀಳುತ್ತಲೇ ಇತ್ತು. ಮಗ ಎಟಿಎಂ ಕಾರ್ಡ್ ಹಾಕಿ ತೆಗೆಯುತ್ತಿದ್ದ, ತಿಥಿಯ ಖರ್ಚು, ಅಂಗಡಿ ಸಾಲ ತೀರಿಸಿದ್ದ. ಅವರಲ್ಲಿ ಮೋಸದ ಬುದ್ಧಿ ಒಂದಿಷ್ಟೂ ಇರಲಿಲ್ಲ. ಗಂಡನ ಪಿಂಚಣಿ ತಾನೇ ಹೆಂಡತಿಗೆ ಬರುತ್ತಿದೆ ಅಂದುಕೊಂಡಿದ್ದರು. ಆದರೆ ಗಂಡನ ಪಿಂಚಣಿ ಅವನು ತೀರಿಕೊಂಡ ದಿನಕ್ಕೆ ನಿಲ್ಲಬೇಕು. ಹೆಂಡತಿಗೆ ಬರುವ ಕುಟುಂಬ ಪಿಂಚಣಿ ಬೇರೆಯೇ. ಹೆಚ್ಚಿಗೆ ಪಡೆದ ದುಡ್ಡನ್ನು ಆಮೇಲೆ ಆಕೆಯ ಪಾಲಿನಿಂದಲೇ ಹಿಡಿದುಕೊಂಡರು.

ಹೆಸರು ಸರಿಪಡಿಸಲು ಅಫಿಡವಿಟ್, ಒಂದೇ ವ್ಯಕ್ತಿ ಅನ್ನುವ ಪ್ರಮಾಣಪತ್ರ, ಮರಣ ಪತ್ರ, ಮದುವೆಗೆ ಸಾಕ್ಷಿ, ಮಕ್ಕಳ ಜನನ ಪತ್ರ. ಒಂದು ಕಳಿಸಿದರೆ ಇನ್ನೊಂದು ಕೇಳಿ ವಾಪಸ್. ತಿದ್ದುಪಡಿಯಾದ ಪಿಪಿಒ ಕೈಗೆ ಬರುವ ಹೊತ್ತಿಗೆ ಒಂದೂವರೆ ವರ್ಷವಾಗಿತ್ತು. ಅಷ್ಟು ದಿನ ಆಕೆ ಕಂಡವರ ಹೊಲದಲ್ಲಿ ಶುಂಠಿ ಕೀಳುವ ಕೂಲಿಗೆ ಹೋದರು. ಗಂಡ ದೇಶಕ್ಕೆ ದುಡಿದವನು. ಹೆಂಡತಿಯ ಹಕ್ಕಿನ ದುಡ್ಡು ಒಂದು 'ದೇವಿ'ಯ ದೆಸೆಯಿಂದ ನಿಂತುಹೋಗಿತ್ತು. ನನಗೆ ಇದನ್ನು ಇವತ್ತಿಗೂ ಸಹಿಸಲು ಆಗುವುದಿಲ್ಲ.

ಸೇವೆಯಲ್ಲಿರುವಾಗ ತೀರಿಕೊಂಡರೆ ಹೀಗಾಗುವುದು ಕಡಿಮೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿದದ್ದು ಎಲ್ಲರಿಗೂ ನೆನಪಿದೆ. ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಜೀವ ಹಿಡಿದುಕೊಂಡಿದ್ದು, ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ಪೋಸ್ಟಿನಲ್ಲಿ ನಮ್ಮ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಇದ್ದರು, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್ ಇದ್ದರು. ಇಡೀ ರಾಜ್ಯ ಅತ್ತಿತು. ಅಂಥ ಸಾವಿನಲ್ಲಿ ಸೇನೆ ತಾನೇ ಮನೆ ಬಾಗಿಲಿಗೆ ಬರುತ್ತದೆ, ಕಾಗದ ಪತ್ರ ಮಾಡಿಸಲು ಜನ ಕಳಿಸುತ್ತದೆ. ಆದರೆ ಊರಿಗೆ ಬಂದು ಹತ್ತು ಹದಿನೈದು ವರ್ಷವಾದ ಮೇಲೆ ಸಕ್ಕರೆ ಕಾಯಿಲೆಯಿಂದಲೋ ಹೃದಯಾಘಾತದಿಂದಲೋ ಸಾಯುವ ನಮ್ಮಂಥವರೇ ಜಾಸ್ತಿ ಅಲ್ವಾ? ನಾವು ಸತ್ತದ್ದು ಸೇನೆಗೆ ಗೊತ್ತಾಗಬೇಕಾದರೆ ನಮ್ಮ ಹೆಂಡತಿಯೇ ಹೇಳಬೇಕು. ಎಲ್ಲಿಗೆ ಹೇಳಬೇಕು, ಏನು ಹೇಳಬೇಕು ಅಂತ ಅವಳಿಗೆ ನಾವು ಕಲಿಸಿಲ್ಲ.

ಯಾಕೆ ಕಲಿಸಿಲ್ಲ ಅಂತ ಜೊತೆಗಾರರನ್ನು ಕೇಳಿದ್ದೇನೆ. 'ಅವಳಿಗೆ ಇಂಗ್ಲಿಷ್ ಬರಲ್ಲ, ತೋರಿಸಿ ಏನು ಪ್ರಯೋಜನ' ಅಂದವರಿದ್ದಾರೆ. ಅಪಶಕುನದ ಮಾತು ಯಾಕೆ ಅಂದವರಿದ್ದಾರೆ. ಪಿಂಚಣಿ ಎಷ್ಟು ಬರುತ್ತದೆ ಅಂತ ಗೊತ್ತಾದರೆ ಕುಡಿತಕ್ಕೆ ಎಷ್ಟು ಹೋಗುತ್ತದೆ ಅಂತಲೂ ಗೊತ್ತಾಗುತ್ತದೆ, ಅದಕ್ಕೇ ಮುಚ್ಚಿಡುವವರೂ ಇದ್ದಾರೆ. ಇದನ್ನು ಬರೆದರೆ ಕೆಲವರಿಗೆ ನನ್ನ ಮೇಲೆ ಸಿಟ್ಟು ಬರಬಹುದು, ಬರಲಿ. ನಾವು ವರ್ಷಗಟ್ಟಲೆ ಗಡಿಯಲ್ಲಿದ್ದಾಗ ಅತ್ತೆ ಮಾವನನ್ನು ನೋಡಿಕೊಂಡು, ಮಕ್ಕಳನ್ನು ಓದಿಸಿ, ಹೊಲ ಉತ್ತು ಬಿತ್ತಿಸಿ ಮನೆ ನಿಲ್ಲಿಸಿದವಳು ಅವಳು. ಅಷ್ಟೆಲ್ಲ ಮಾಡಿದವಳಿಗೆ ಒಂದು ಪುಸ್ತಕದ ನಾಲ್ಕು ಪುಟ ಅರ್ಥವಾಗುವುದಿಲ್ಲವೇ?

ಮಾಜಿ ಸೈನಿಕರ ಸಂಘದ ಸಭೆಗಳಲ್ಲಿ ಒಆರ್‌ಒಪಿ (ಒಂದೇ ರ‍್ಯಾಂಕಿಗೆ ಒಂದೇ ಪಿಂಚಣಿ) ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. 2014ರ ಜುಲೈ 1ರಿಂದ ಬಂತು, 2019ಕ್ಕೆ ಪರಿಷ್ಕರಣೆಯಾಯಿತು, 2024ಕ್ಕೆ ಮತ್ತೆ ಆಯಿತು, ಯಾರಿಗೆ ಎಷ್ಟು ಬಾಕಿ. ಮಾತಾಡಬೇಕಾದದ್ದೇ. ಆದರೆ ಅದೇ ಸಭೆಯಲ್ಲಿ 'ನಿಮ್ಮ ಹೆಂಡತಿ ಹೆಸರು ಪಿಪಿಒದಲ್ಲಿ ಹೇಗೆ ಬರೆದಿದೆ, ನೋಡಿದ್ದೀರಾ?' ಅಂತ ಕೇಳಿ ನೋಡಿ. ಅರ್ಧ ಜನ ತಲೆ ತಗ್ಗಿಸುತ್ತಾರೆ.

ಹಾಗಾಗಿ ಈಗ ಭಾನುವಾರಗಳಲ್ಲಿ ನಮ್ಮೂರಿನ ಶಾಲೆಯ ಜಗಲಿಯಲ್ಲಿ ಕೂರುತ್ತೇನೆ. ನನ್ನ ಹೆಂಡತಿಯೂ ಬರುತ್ತಾಳೆ. ಹೆಂಗಸರು ನನ್ನ ಹತ್ತಿರ ಕೇಳಲು ಸಂಕೋಚಪಡುವುದನ್ನು ಅವಳ ಹತ್ತಿರ ಕೇಳುತ್ತಾರೆ. ಗಂಡ ಹೆಂಡತಿ ಇಬ್ಬರನ್ನೂ ಎದುರು ಬದುರು ಕೂರಿಸುತ್ತೇವೆ. ಹೆಂಡತಿ ಆಧಾರ್ ಹಿಡಿದು ತನ್ನ ಹೆಸರು, ಹುಟ್ಟಿದ ದಿನ ಓದಬೇಕು. ಗಂಡ ಡಿಸ್ಚಾರ್ಜ್ ಬುಕ್ಕಿನಲ್ಲಿ, ಆಮೇಲೆ ಪಿಪಿಒದಲ್ಲಿ ಅದೇ ಹೆಸರು ಹುಡುಕಿ ಅಕ್ಷರ ಅಕ್ಷರ ಹೇಳಬೇಕು. ತಾಳೆಯಾಗದ ಕಡೆ ಪೆನ್ಸಿಲ್‌ನಿಂದ ಗುರುತು. ಅಲ್ಲೇ ಗೊತ್ತಾಗಿಬಿಡುತ್ತದೆ. ಒಬ್ಬರ ಮನೆಯಲ್ಲಿ ಹೆಂಡತಿಯ ಹೆಸರಿನ ಜಾಗದಲ್ಲಿ ತಾಯಿಯ ಹೆಸರು ಇತ್ತು. ಮದುವೆಯಾದ ಮೇಲೆ ಬದಲಾಯಿಸಿಯೇ ಇರಲಿಲ್ಲ. ಸೈನಿಕ ಬದುಕಿರುವಾಗ ಇದನ್ನು ತಿದ್ದಿಸುವುದು ಬಹಳ ಸುಲಭ. ಅವನದೇ ಸಹಿ, ಅವನದೇ ಮಾತು, ಸಾಕ್ಷಿ ಹುಡುಕಬೇಕಾಗಿಲ್ಲ. ಅರ್ಜಿಯನ್ನು ತನ್ನ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಕಳಿಸಬೇಕು. ಗೊತ್ತಾಗದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋದರೆ ದಾರಿ ತೋರಿಸುತ್ತಾರೆ.

ಹೆಂಗಸರಿಗೆ ಕುಟುಂಬ ಪಿಂಚಣಿ ಎಷ್ಟು ಅಂತ ಲೆಕ್ಕ ಹೇಳಿಕೊಡುತ್ತೇವೆ. ಸಾಮಾನ್ಯವಾಗಿ ಗಂಡನ ಕೊನೆಯ ಸಂಬಳದ ಶೇ 30, ಅದರ ಮೇಲೆ ತುಟ್ಟಿಭತ್ಯೆ. ನಿವೃತ್ತನಾದವನು ತೀರಿಕೊಂಡರೆ ಮೊದಲ 7 ವರ್ಷ, ಅಥವಾ ಅವನಿಗೆ 67 ತುಂಬಬೇಕಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಶೇ 50ರ ದರ ಸಿಗುತ್ತದೆ. ಇದು ಗೊತ್ತಿಲ್ಲದೆ, ಎಷ್ಟು ಬಂದರೂ ದೇವರು ಕೊಟ್ಟದ್ದು ಅಂತ ಸುಮ್ನೆ ಇದ್ದವರನ್ನು ನೋಡಿದ್ದೇನೆ. ಮನೆಯಲ್ಲಿ ಅಂಗವಿಕಲ ಮಗನೋ ಮಗಳೋ ಇದ್ದು, ದುಡಿಯಲು ಆಗದಿದ್ದರೆ, ತಂದೆ ತಾಯಿ ಇಬ್ಬರೂ ಹೋದ ಮೇಲೆ ಆ ಮಗುವಿಗೆ ಜೀವನಪರ್ಯಂತ ಪಿಂಚಣಿಗೆ ಅವಕಾಶವಿದೆ. ಹೆಸರನ್ನೂ ವೈದ್ಯರ ಪ್ರಮಾಣಪತ್ರವನ್ನೂ ನಾವಿರುವಾಗಲೇ ದಾಖಲೆಗೆ ಸೇರಿಸಿಬಿಡಬೇಕು. ಈ ವಿಷಯ ಹೇಳಿದ ದಿನ ಒಬ್ಬ ತಾಯಿ ಎದ್ದು ಬಂದು ನನ್ನ ಹೆಂಡತಿಯ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ತನ್ನ ಮಗನಿಗೆ ತನ್ನ ನಂತರ ಯಾರು ಅಂತ ಆಕೆ ಇಷ್ಟು ವರ್ಷ ಯೋಚಿಸಿದ್ದು ಆ ಕೈ ಹಿಡಿತದಲ್ಲೇ ಗೊತ್ತಾಯಿತು.

ಈಗ ಪಿಂಚಣಿಯೆಲ್ಲ 'ಸ್ಪರ್ಶ್' ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಅಂತ ಜೀವನ ಪ್ರಮಾಣಪತ್ರ ಕೊಡಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ವಯಸ್ಸಾದವರಿಗೆ, ಹೊಲದಲ್ಲಿ ದುಡಿದ ಹೆಂಗಸರಿಗೆ ಬೆರಳಚ್ಚು ಸವೆದಿರುತ್ತದೆ, ಯಂತ್ರ ತೆಗೆದುಕೊಳ್ಳುವುದಿಲ್ಲ. ಈಗ ಮೊಬೈಲಿನಲ್ಲೇ ಮುಖ ತೋರಿಸಿ ಮಾಡುವ ವ್ಯವಸ್ಥೆ ಇದೆ, ಊರಿನ ಹುಡುಗರು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಒಟಿಪಿ ಮಾತ್ರ ಯಾರಿಗೂ ಫೋನಿನಲ್ಲಿ ಹೇಳಬೇಡಿ. 'ಸ್ಪರ್ಶ್ ಆಫೀಸಿನಿಂದ ಮಾತಾಡುತ್ತಿದ್ದೇವೆ' ಅಂತ ಕರೆ ಮಾಡಿ ಮೋಸ ಮಾಡುವವರಿದ್ದಾರೆ. ಯೂಸರ್ ಐಡಿ, ಪಾಸ್‌ವರ್ಡ್, ಪಿಪಿಒ ನಂಬರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಹೆಂಡತಿಯ ವಶಕ್ಕೆ ಕೊಡಿ. ಇಸಿಎಚ್‌ಎಸ್ ಕಾರ್ಡು, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು, ಅವಳ ಹೆಸರಿಗೂ ಆಗಿದೆಯೇ ನೋಡಿ. ನಿವೃತ್ತಿಯ ದಿನವೇ ಕಂತು ಹಿಡಿದುಕೊಂಡಿರುವ ಸೇನಾ ಗುಂಪು ವಿಮೆ ಒಂದು ಮುಂದುವರಿದಿರುತ್ತದೆ, ಅದರ ಪತ್ರವೂ ಆ ಟ್ರಂಕಿನಲ್ಲೇ ಇರುತ್ತದೆ. ಅದನ್ನು ಕೇಳಿ ಪಡೆಯಬೇಕು ಅಂತ ಗೊತ್ತಿಲ್ಲದೆ ಎಷ್ಟೋ ಮನೆಯವರು ಬಿಟ್ಟಿದ್ದಾರೆ.

ಬೆಳಗ್ಗೆ ಐದಕ್ಕೆ ನಮ್ಮೂರಿನ ರಸ್ತೆಯಲ್ಲಿ ಹುಡುಗರು ಓಡುತ್ತಾರೆ. ಸೇನೆಗೆ ಸೇರಬೇಕೆಂಬ ಆಸೆ. ನಾನೂ ಜೊತೆಗೆ ಹೋಗಿ ನಿಲ್ಲುತ್ತೇನೆ, ಉಸಿರು ಹೇಗೆ ಹಿಡಿಯಬೇಕು, ಮೊದಲ ಸುತ್ತಿನಲ್ಲೇ ಯಾಕೆ ಜೋರು ಓಡಬಾರದು ಅಂತ ಹೇಳುತ್ತೇನೆ. 2022ರಿಂದ ಅಗ್ನಿಪಥ ಬಂದಿದೆ. ನಾಲ್ಕು ವರ್ಷ ಸೇವೆ, ಆಮೇಲೆ ನೂರರಲ್ಲಿ 25 ಜನರವರೆಗೆ ಉಳಿಸಿಕೊಳ್ಳುತ್ತಾರೆ, ಉಳಿದವರಿಗೆ ಸೇವಾನಿಧಿ ಅನ್ನುವ ಇಡಿಗಂಟು ಇದೆ, ಪಿಂಚಣಿ ಇಲ್ಲ. ನಾನು ಪಿಂಚಣಿಯ ನೆರಳಿನಲ್ಲಿ ಕೂತು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕಣ್ಣೆದುರು ಓಡುವ ಈ ಹುಡುಗರಿಗೂ ಅದು ಸಿಗಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸರ್ಕಾರ ಇದನ್ನು ಮತ್ತೊಮ್ಮೆ ನೋಡಲಿ. ಅಲ್ಲಿಯವರೆಗೆ ಹುಡುಗರಿಗೆ ಹೇಳುವುದಿಷ್ಟೇ: ಹೋಗಿ, ಹೆಮ್ಮೆಯಿಂದ ಹೋಗಿ. ಆದರೆ ಷರತ್ತು ಓದಿಕೊಂಡು ಸಹಿ ಹಾಕಿ. ವಿಮೆಯ ಕಾಗದದಲ್ಲಿ ಅಮ್ಮನ ಹೆಸರನ್ನು ಆಧಾರ್‌ನಲ್ಲಿ ಇರುವ ಹಾಗೆಯೇ ಬರೆಸಿ.

ಸಂಪಾದಕರಲ್ಲಿ ನನ್ನ ಬೇಡಿಕೆ ಎರಡು. ಒಂದು, ಪ್ರತಿ ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರದ ಸುದ್ದಿ ಹಾಕುವಾಗ ಜೊತೆಗೆ ನಾಲ್ಕು ಸಾಲು ಸೈನಿಕರ ಪತ್ನಿಯರಿಗಾಗಿಯೇ ಹಾಕಿ. ಕುಟುಂಬ ಪಿಂಚಣಿಗೆ ಯಾವ ಯಾವ ಕಾಗದ ಬೇಕು ಅಂತ ಕನ್ನಡದಲ್ಲಿ ಬಂದರೆ ಕತ್ತರಿಸಿ ಇಟ್ಟುಕೊಳ್ಳುವವರು ಬಹಳ ಜನ ಇದ್ದಾರೆ. ಇನ್ನೊಂದು, ನಿಮ್ಮ ಮೂಲಕ ಇಲಾಖೆಗೂ ಸಂಘಗಳಿಗೂ ಕೇಳುವುದು. ಜನವರಿ 14 ಮಾಜಿ ಸೈನಿಕರ ದಿನ. 1953ರಲ್ಲಿ ಆ ದಿನ ನಮ್ಮ ಕೊಡಗಿನ ಕಾರ್ಯಪ್ಪನವರು ಸೇವೆಯಿಂದ ನಿವೃತ್ತರಾದರು, ಅದರ ನೆನಪಿಗೆ ಆಚರಿಸುತ್ತಾರೆ. ನಿವೃತ್ತಿಯಾದ ಮೇಲೂ ಮಾಜಿ ಸೈನಿಕರ ಕಷ್ಟಸುಖಕ್ಕೆ ಓಡಾಡಿದವರು ಅವರು. ಅವತ್ತು ಹಾರ, ಶಾಲು, ಭಾಷಣ ಇರಲಿ. ಜೊತೆಗೆ ಪ್ರತಿ ತಾಲ್ಲೂಕಿನಲ್ಲೂ ಎರಡು ಗಂಟೆ ಹೆಂಡತಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಈ ಕಾಗದಗಳನ್ನು ಓದಿಸಿ. ಬ್ಯಾಂಕಿನವರೊಬ್ಬರು, ಸೈನಿಕ ಕಲ್ಯಾಣ ಇಲಾಖೆಯವರೊಬ್ಬರು, ಅಫಿಡವಿಟ್ ಮಾಡಿಕೊಡುವ ನೋಟರಿ ಒಬ್ಬರು ಬಂದರೆ ಸಾಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಟ್ರಂಕ್ ಹೊರಿಸಿಕೊಂಡು ಬಂದಿದ್ದ ಆ ತಂಗಿಯ ಕಿರಿಯ ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಅವಳ ಹೆಸರು ಕೊನೆಗೂ ದಾಖಲೆಗೆ ಸೇರಿದೆ. ಭಾನುವಾರ ನಮ್ಮ ಜಗಲಿಗೆ ಅವಳೂ ಬರುತ್ತಾಳೆ. ಇಂಗ್ಲಿಷ್ ಓದಲು ಬರದ ಹೆಂಗಸರಿಗೆ ಪಿಪಿಒ ಓದಿ ಹೇಳುವ ಕೆಲಸ ಅವಳದು. ಅಮ್ಮ ಪಕ್ಕದಲ್ಲಿ ಕೂತು, ಎಟಿಎಂ ವಿಷಯವನ್ನು ಬಂದವರಿಗೆಲ್ಲ ತಾನೇ ಬಾಯಿಬಿಟ್ಟು ಹೇಳುತ್ತಾರೆ.

ನಮ್ಮ ತಾಲ್ಲೂಕಿನ ಜೊತೆಗಾರರು ಯಾವ ರೆಜಿಮೆಂಟಿನವರಾದರೂ ಬರಬಹುದು. ಡಿಸ್ಚಾರ್ಜ್ ಬುಕ್, ಪಿಪಿಒ, ಇಬ್ಬರ ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪತ್ರ ತನ್ನಿ. ಜೆರಾಕ್ಸ್ ಬೇಡ, ಮೂಲ ಪ್ರತಿಯನ್ನೇ ತನ್ನಿ, ನಿಮ್ಮ ಕಣ್ಣೆದುರೇ ನೋಡಿ ವಾಪಸ್ ಕೊಡುತ್ತೇವೆ. ದುಡ್ಡು ಕೊಡಬೇಕಾಗಿಲ್ಲ. ಹೆಂಡತಿಯನ್ನು ಕರೆದುಕೊಂಡೇ ಬನ್ನಿ.

ಇಂತಿ,
ಒಬ್ಬ ನಿವೃತ್ತ ಹವಾಲ್ದಾರ್, ಮದ್ರಾಸ್ ಎಂಜಿನಿಯರ್ ಗ್ರೂಪ್
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ